ಗಾಳಿ ಸೋರದ ಮನೆಯನ್ನು ಗುರುತಿಸುವ ಬಗೆ

ಅಮೆರಿಕದಲ್ಲಿ ನೆಲಸಿರುವ ತಮ್ಮ ಮಗಳು ಹೊಸ ಮನೆಯೊಂದನ್ನು ಕೊಳ್ಳಲು ಹೊರಟಿರುವಳೆಂದೂ, ಅಲ್ಲಿನ ಬಿಲ್ಡರುಗಳೆಲ್ಲರೂ ತಾವು ಕಟ್ಟುವ ಮನೆಯೇ ಇಂಧನವನ್ನು ಉಳಿಸತಕ್ಕದ್ದೆಂದು ಸಾರುತ್ತಿರಲು ಯಾರನ್ನು ನಂಬಬೇಕೆಂಬುದೇ ತಿಳಿಯದಾಗಿದೆಯೆಂದೂ ಓದುಗರೊಬ್ಬರು ಬರೆದು ಕೇಳಿದ್ದಾರೆ. ಮಾತಿನಿಂದ ತೀರದ ಈ ಸಂಶಯವನ್ನು ಅಳತೆಯಿಂದ ತೀರಿಸುವ ಉಪಾಯವು ಚಳಿನಾಡುಗಳ ಸಂಶೋಧಕರಿಗೆ ಬಹುಕಾಲದಿಂದ ತಿಳಿದಿರುವುದೇ ಆಗಿದೆ.

1973ರ ತೈಲಸಂಕಟದ ತರುವಾಯ, ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತದ ರೆಜೈನಾ ನಗರದಲ್ಲಿ, ಸಂಶೋಧಕ ಹೆರಾಲ್ಡ್ ಓರ್ ಮೊದಲಾದವರು 1977ರಲ್ಲಿ ಪ್ರಯೋಗಾರ್ಥವಾಗಿ ಒಂದು ಮನೆಯನ್ನು ಕಟ್ಟಿಸಿದರು. ಅಷ್ಟು ಘೋರವಾದ ಶೀತಪ್ರದೇಶದಲ್ಲಿದ್ದರೂ ಆ ಮನೆಯಲ್ಲಿ ಮನೆಯನ್ನು ಬೆಚ್ಚಗಿಡುವ ರೂಢಿಯ ಫರ್ನೇಸ್ ಇರಲಿಲ್ಲ. ಶಾಖನಿರೋಧಕವನ್ನು ತುಂಬಿದ ದಪ್ಪನೆಯ ಗೋಡೆಗಳು, ಗಾಳಿ ನುಸುಳದಂತೆ ಬಿಗಿದ ಹಾಳೆ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ, ಇವೇ ಅದರ ಬಲ. ಅಲ್ಲಿ ದೊರೆತ ತಿಳಿವಳಿಕೆಯನ್ನು ಆಧರಿಸಿ, ಸ್ವೀಡನ್ನಿನ ಸಂಶೋಧಕ ಬೂ ಆಡಮ್‌ಸನ್ನರೊಡನೆ ವಿಚಾರವಿನಿಮಯ ನಡೆಸಿದ ಜರ್ಮನಿಯ ಭೌತವಿಜ್ಞಾನಿ ವೊಲ್ಫ್‌ಗಾಂಗ್ ಫೈಸ್ಟ್, 1991ರಲ್ಲಿ ಡಾರ್ಮ್‌ಸ್ಟಾಟ್ ನಗರದಲ್ಲಿ ಮೊದಲ ‘ಪ್ಯಾಸಿವ್ ಹೌಸ್’ ಅನ್ನು ವಾಸಕ್ಕೆ ಸಿದ್ಧಗೊಳಿಸಿದರು. ಆ ಮಾದರಿಯ ಮನೆಯನ್ನು ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ಟುಗಳಿಗಿಂತ (ಕಿಲೋವ್ಯಾಟ್-ಗಂಟೆ) ಹೆಚ್ಚು ಶಾಖ ಬೇಕಾಗಕೂಡದು.

ಈ ಪರಂಪರೆಯಲ್ಲೆಲ್ಲ ನನಗೆ ಅತ್ಯಂತ ಮನೋಹರವಾಗಿ ತೋರುವುದು ಗಾಳಿಯ ಪರೀಕ್ಷೆ. ಸೈಕಲ್ ರಿಪೇರಿಯವನು ಟ್ಯೂಬಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಕಡೆ ಬೆರಳಿಟ್ಟು ಇಲ್ಲೇ ಪಂಕ್ಚರ್ ಎಂದು ನಿಶ್ಚಯಿಸುವಂತೆಯೇ, ಇಲ್ಲಿ ಮನೆಯ ಹೆಬ್ಬಾಗಿಲಿಗೆ ದೊಡ್ಡ ಫ್ಯಾನೊಂದನ್ನು ಬಿಗಿದು, ಒಳಗಿನ ಒತ್ತಡವು ಹೊರಗಿನದಕ್ಕಿಂತ 50 ಪ್ಯಾಸ್ಕಲ್ ಕಡಿಮೆಯಾಗುವವರೆಗೆ ಗಾಳಿಯನ್ನು ಹೊರಗೆಳೆಯುತ್ತಾರೆ. ಆಗ ಕಿಟಕಿಯ ಸಂದು, ಪೈಪು ಹಾದ ರಂಧ್ರ, ಸ್ವಿಚ್ಚಿನ ಪೆಟ್ಟಿಗೆ ಎಲ್ಲೆಡೆಯಿಂದಲೂ ಹೊರಗಿನ ಗಾಳಿ ನುಗ್ಗುವುದು ಅಂಗೈಗೇ ತಿಳಿಯುತ್ತದೆ. ಗಂಟೆಗೆ ಮನೆಯ ಗಾಳಿಯೆಲ್ಲ ಎಷ್ಟು ಸಲ ಬದಲಾಯಿತೆಂಬ ಸಂಖ್ಯೆಯೂ ದೊರೆಯುತ್ತದೆ. ಪ್ಯಾಸಿವ್ ಹೌಸಿನಲ್ಲಿ ಇದು 0.6ನ್ನು ಮೀರುವಂತಿಲ್ಲ. ಬಣ್ಣದ ಕರಪತ್ರಗಳ ‘ಹಸಿರು ಮನೆ’ ಎಂಬ ಘೋಷಣೆಗೆ ಈ ಒಂದು ಸಂಖ್ಯೆಯ ತೂಕವಿಲ್ಲ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1995ರಿಂದ ಹೊಸ ಮನೆಗಳಿಗೂ ‘ಎನರ್ಜಿ ಸ್ಟಾರ್’ ಮುದ್ರೆಯನ್ನು ಕೊಡುತ್ತ ಬಂದಿದೆ; ಈ ಯೋಜನೆಗೆ ಸೇರಿದ ಬಿಲ್ಡರುಗಳನ್ನು ರಾಜ್ಯವಾರಾಗಿ ಹುಡುಕುವ ಅನುಕೂಲವೂ ಉಂಟು. ಹುಡುಕಾಟ ಅಲ್ಲಿಂದ ಆರಂಭವಾಗಲಿ, ಆದರೆ ಅಲ್ಲಿಗೇ ಮುಗಿಯದಿರಲಿ. ಏಕೆಂದರೆ ಬಿಲ್ಡರನ ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅವನು ಕಟ್ಟಿದ ಪ್ರತಿಯೊಂದು ಮನೆಯೂ ಪ್ರಮಾಣಿತವೆಂದಾಗದು. ಮುದ್ರೆ ಸಲ್ಲುವುದು ಪರೀಕ್ಷಕನು ಕಟ್ಟುವ ಕಾಲದಲ್ಲೂ ಕೊನೆಯಲ್ಲೂ ತಪಾಸಣೆ ಮಾಡಿದ ಮನೆಗೆ. ಅಂತಹ ಪರೀಕ್ಷಕರು ಕೊಡುವ, ಮನೆಯ ಇಂಧನಬಳಕೆಯನ್ನು ಅಳೆಯುವ ‘ಹರ್ಸ್’ ಸೂಚ್ಯಂಕದಲ್ಲಿ 100 ಎಂಬುದು 2006ರ ಇಂಧನ ಉಳಿತಾಯದ ನಿಯಮಾವಳಿಗೆ ಸರಿಹೊಂದುವ ಮನೆ, ಸೊನ್ನೆಯೆಂದರೆ ವರ್ಷದಲ್ಲಿ ತಾನು ಬಳಸುವಷ್ಟನ್ನು ತಾನೇ ಉತ್ಪಾದಿಸುವ ಮನೆ. ಸಂಖ್ಯೆ ಇಳಿದಷ್ಟೂ ಉತ್ತಮ.

ಆದುದರಿಂದ ಓದುಗ ಮಿತ್ರರು ಮಗಳಿಗೆ ಇಷ್ಟನ್ನು ತಿಳಿಸಲಿ: ಕರಾರಿಗೆ ಸಹಿ ಹಾಕುವ ಮುನ್ನ, ತಾನು ಕೊಳ್ಳಲಿರುವ ಆ ಮನೆಗೇ ಪ್ರಮಾಣಪತ್ರ ಬರುವುದೆಂಬ ಮಾತನ್ನು ಬರಹದಲ್ಲಿ ಪಡೆಯಲಿ, ಕೀಲಿಕೈ ಪಡೆಯುವ ದಿನ ಗಾಳಿಯ ಪರೀಕ್ಷೆಯ ವರದಿಯನ್ನೂ ಸೂಚ್ಯಂಕವನ್ನೂ ಕೇಳಿ ಪಡೆದು, ವಿದ್ಯುತ್ತಿನ ಬ್ರೇಕರ್ ಪೆಟ್ಟಿಗೆಯ ಮೇಲೆ ಎನರ್ಜಿ ಸ್ಟಾರ್ ಚೀಟಿ ಅಂಟಿಸಿದೆಯೇ ಎಂದು ಸ್ವತಃ ನೋಡಿಕೊಳ್ಳಲಿ.