ಧರ್ಮಗುರುಗಳಿಗೂ ವಿಮೆ ಬೇಕೇ?



ವಿಮೆ ಅಂದ ಕೂಡಲೇ ನಮ್ಮ ಸಂಘಗಳಲ್ಲಿ ನೆನಪಾಗುವುದು ಜೀವ ವಿಮೆ, ಇಲ್ಲವೇ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ನಮಗೆ ಏನಾದ್ರೂ ಆದರೆ ನಮಗೋ ನಮ್ಮ ಮನೆಯವರಿಗೋ ಹಣ ಸಿಗುವ ವಿಮೆಗಳಿವು. ಆದರೆ ನಮ್ಮಿಂದ ಬೇರೆಯವರಿಗೆ ನಷ್ಟವಾದರೆ ಅವರಿಗೆ ಪರಿಹಾರ ಕೊಡುವ ವಿಮೆಯೂ ಇದೆ. ಇದು ಹೊಣೆಗಾರಿಕೆ ವಿಮೆ. ಮಗನ ಬೈಕಿಗೆ ಕಡ್ಡಾಯವಾಗಿ ಮಾಡಿಸುವ ಥರ್ಡ್ ಪಾರ್ಟಿ ವಿಮೆ ಇದೇ ಜಾತಿಯದು.

ವೃತ್ತಿಯವರಿಗೂ ಈ ವಿಮೆ ಇದೆ. ರೋಗಿಗಳು ಹಣ ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಬರುತ್ತದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. ನಮ್ಮ ದೇಶದ ವಿಮಾ ಕಂಪನಿಗಳು ವೈದ್ಯರು, ವಕೀಲರು, ಲೆಕ್ಕ ಪರಿಶೋಧಕರಿಗೆ ಇಂಥ ಪಾಲಿಸಿ ಕೊಡುತ್ತವೆ. ಅಮೆರಿಕದಲ್ಲಿ ಧರ್ಮಗುರುಗಳಿಗೂ ಇದು ಉಂಟು. ಗುರುಗಳಿಗೆ ಯಾಕಪ್ಪಾ ವಿಮೆ ಎಂದು ನೀವು ಕೇಳಬಹುದು.

ಸಲಹೆಗೂ ಹೊಣೆ ಇದೆಯೇ?

ಗಂಡ ಹೆಂಡತಿ ಜಗಳ, ಸಾವಿನ ದುಃಖ, ಮಕ್ಕಳ ಚಿಂತೆ ಇವನ್ನೆಲ್ಲ ಜನ ಮೊದಲು ಹೇಳಿಕೊಳ್ಳುವುದು ಗುರುಗಳ ಹತ್ತಿರ. ಗುರುಗಳು ಸಲಹೆ ಕೊಡುತ್ತಾರೆ. ಆ ಸಲಹೆಯಿಂದ ಹಾನಿಯಾಯಿತು, ಅಥವಾ ಗುಟ್ಟಾಗಿ ಹೇಳಿದ ಮಾತು ಹೊರಬಿತ್ತು ಎಂದು ಯಾರಾದ್ರೂ ಕೋರ್ಟಿಗೆ ಹೋದರೆ?

ಕ್ಯಾಲಿಫೋರ್ನಿಯಾದಲ್ಲಿ ಹಾಗೇ ಆಯಿತು. ಗ್ರೇಸ್ ಕಮ್ಯೂನಿಟಿ ಚರ್ಚ್ ಎಂಬ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ 24 ವರ್ಷದ ಯುವಕನೊಬ್ಬ ತೀವ್ರ ಖಿನ್ನತೆಯಲ್ಲಿದ್ದ. ಅಲ್ಲಿನ ಪಾಸ್ಟರ್‌ಗಳಿಂದ ಸಲಹೆ ಪಡೆಯುತ್ತಿದ್ದ. 1979ರಲ್ಲಿ ಅವನು ತನ್ನ ಪ್ರಾಣ ತಾನೇ ಕಳೆದುಕೊಂಡ. ಮನೋವೈದ್ಯರ ಬಳಿಗೆ ಸರಿಯಾಗಿ ಕಳಿಸಲಿಲ್ಲ ಎಂದು ತಂದೆ ತಾಯಿ 1980ರಲ್ಲಿ ಮೊಕದ್ದಮೆ ಹೂಡಿದರು. ಪಾಸ್ಟರ್‌ಗಳು ಈ ಆರೋಪ ಒಪ್ಪಲಿಲ್ಲ. ಮೊಕದ್ದಮೆ ಕೆಳಗೂ ಮೇಲೂ ಓಡಾಡಿ, 1988ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಪಾಸ್ಟರ್‌ಗಳ ಪರವಾಗಿ ತೀರ್ಪು ಕೊಟ್ಟಿತು. ವೈದ್ಯರಲ್ಲದ ಧಾರ್ಮಿಕ ಸಲಹೆಗಾರರ ಮೇಲೆ ವೈದ್ಯರಿಗಿರುವಂಥ ಕಾನೂನು ಹೊಣೆ ಹೊರಿಸಲಾಗದು ಎಂದಿತು.

ನೋಡಿ, ಗೆದ್ದರೂ ಎಂಟು ವರ್ಷದ ಕೋರ್ಟು ಅಲೆದಾಟ ತಪ್ಪಲಿಲ್ಲ. ಇಂಥ ವಿಮೆಯ ಮುಖ್ಯ ಉಪಯೋಗ ಇಲ್ಲೇ ಇದೆ. ಪರಿಹಾರದ ಹಣ ಮಾತ್ರವಲ್ಲ, ವಕೀಲರ ಖರ್ಚನ್ನೂ ಪಾಲಿಸಿಯ ಮಿತಿಯೊಳಗೆ ಕಂಪನಿ ಭರಿಸುತ್ತದೆ.

ಹಣ ಎಲ್ಲಿಂದ ಬರುತ್ತದೆ?

ಈ ಲೆಕ್ಕ ಸಂಘದವರಾದ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ವಾರ ವಾರ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ, ಕಷ್ಟ ಬಂದವಳಿಗೆ ಕೊಡುತ್ತೀರಲ್ಲ, ಹಾಗೆಯೇ. ಅಮೆರಿಕದ ಒಮಾಹಾ ನಗರದಲ್ಲಿರುವ ಕ್ಯಾಥೊಲಿಕ್ ಮ್ಯೂಚುಯಲ್ ಎಂಬ ಸಂಸ್ಥೆ 1889ರಲ್ಲಿ ಶುರುವಾಯಿತು. ಧರ್ಮಕ್ಷೇತ್ರಗಳೇ ಅದರ ಸದಸ್ಯರು. ಅವು ಕಟ್ಟುವ ವಂತಿಗೆಯೇ ಅದರ ನಿಧಿ. ಇಂಗ್ಲೆಂಡಿನಲ್ಲಿ 1887ರಲ್ಲಿ ಹುಟ್ಟಿದ ಎಕ್ಲೀಸಿಯಾಸ್ಟಿಕಲ್ ಕಂಪನಿ ಮೊದಲು ಚರ್ಚ್ ಕಟ್ಟಡಗಳಿಗೆ ಬೆಂಕಿ ವಿಮೆ ಕೊಡುತ್ತಿತ್ತು. ಹೀಗೆ ಗೋಡೆ ಮಾಡಿಗೆ ಬಂದ ವಿಮೆ ಕಾಲಕ್ರಮೇಣ ಮನುಷ್ಯರ ನಡತೆಯ ಹೊಣೆಗೂ ಬಂತು.

ವಿಮೆ ಯಾವುದಕ್ಕೆ ಇಲ್ಲ?

ಇದು ಎಲ್ಲರೂ ತಿಳಿಯಬೇಕಾದ ಮಾತು. ಅಜಾಗರೂಕತೆಗೆ ವಿಮೆ ಇದೆ, ಬೇಕೆಂದೇ ಮಾಡಿದ ಅಪರಾಧಕ್ಕೆ ಇಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನನ್ನು ಯಾವ ಪಾಲಿಸಿಯೂ ಜೈಲಿನಿಂದ ಬಿಡಿಸದು. ಹಾಗಾದ್ರೆ ಅಮೆರಿಕದ ಇಂಥ ಪ್ರಕರಣಗಳಲ್ಲಿ ವಿಮಾ ಕಂಪನಿಗಳೂ ಹಣ ಕೊಟ್ಟದ್ದು ಯಾಕೆ? ಅಪರಾಧಿಯ ಪರವಾಗಿ ಅಲ್ಲ. ಅಂಥವನನ್ನು ಗಮನಿಸದೆ ಕೆಲಸದಲ್ಲಿ ಇಟ್ಟುಕೊಂಡರು, ದೂರು ಬಂದರೂ ಬೇರೆ ಕಡೆಗೆ ವರ್ಗ ಮಾಡಿದರು ಎಂಬ ಮೇಲಿನವರ ನಿರ್ಲಕ್ಷ್ಯದ ಆರೋಪಕ್ಕಾಗಿ.

ಲಾಸ್ ಏಂಜಲೀಸ್ ಮಹಾಧರ್ಮಕ್ಷೇತ್ರ 2007ರಲ್ಲಿ 508 ಮಂದಿಗೆ 66 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ ಒಂದು ಪಾಲು ಮಾತ್ರ ವಿಮಾ ಕಂಪನಿಗಳದ್ದು. 2024ರಲ್ಲಿ ಮತ್ತೆ 1,353 ಮಂದಿಗೆ 88 ಕೋಟಿ ಡಾಲರ್ ಕೊಡಲು ಒಪ್ಪಿತು. 2004ರಲ್ಲಿ ಪೋರ್ಟ್‌ಲ್ಯಾಂಡ್ ಮಹಾಧರ್ಮಕ್ಷೇತ್ರ ದಿವಾಳಿ ಅರ್ಜಿಯನ್ನೇ ಹಾಕಿತು. 1980ರ ದಶಕದ ನಡುವಿನಿಂದ ಅನೇಕ ಕಂಪನಿಗಳು ಈ ಹೊಣೆಯನ್ನು ಪಾಲಿಸಿಯಿಂದ ಬಿಟ್ಟವು, ಇಲ್ಲವೇ ಮಿತಿ ಹಾಕಿದವು. ಹಾಗಾಗಿ ಧರ್ಮಕ್ಷೇತ್ರಗಳು ದಶಕಗಳ ಹಿಂದಿನ ಪಾಲಿಸಿ ಕಾಗದಗಳನ್ನು ಹುಡುಕಬೇಕಾಯಿತು. ಕಾಗದ ಸಿಕ್ಕಿದರೆ ಹಣ, ಇಲ್ಲದಿದ್ದರೆ ಕಷ್ಟ. ಈಗ ಕಂಪನಿಗಳು ಪಾಲಿಸಿ ಕೊಡುವ ಮೊದಲೇ ಕೇಳುತ್ತವೆ: ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ವಿಚಾರಿಸಿದ್ದೀರಾ? ತರಬೇತಿ ಕೊಟ್ಟಿದ್ದೀರಾ?

ನಮಗೇನು ಪಾಠ?

ಹಣ ಗಾಯದ ನಂತರ ಬರುತ್ತದೆ. ಹೋದ ಮಗನನ್ನಾಗಲಿ, ಕಳೆದ ಬಾಲ್ಯವನ್ನಾಗಲಿ ಯಾವ ವಿಮೆಯೂ ತಂದುಕೊಡದು. ಸಂಘದಲ್ಲಿ ನೀವೂ ಒಬ್ಬರ ದುಃಖ ಇನ್ನೊಬ್ಬರು ಕೇಳುವವರೇ. ಆದ್ದರಿಂದ ಈ ನಾಲ್ಕು ವಿಷಯ ನೆನಪಿಡಿ.

1. ಕೇಳಿದ ಗುಟ್ಟನ್ನು ಬಾವಿಕಟ್ಟೆಗೆ ಒಯ್ಯಬೇಡಿ.

2. “ಬದುಕೇ ಬೇಡ” ಎಂದು ಯಾರಾದ್ರೂ ಹೇಳಿದರೆ ಬರೀ ಸಮಾಧಾನ ಹೇಳಿ ಕಳಿಸಬೇಡಿ. ಒಬ್ಬರನ್ನೇ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಪ್ರಾರ್ಥನೆಯೂ ಇರಲಿ, ಔಷಧಿಯೂ ಇರಲಿ.

3. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಮುಚ್ಚಿಡಬಾರದು, ಮಾಡಿದವರು ಯಾರೇ ಆಗಿರಲಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಮಕ್ಕಳ ಸಹಾಯವಾಣಿ 1098.

4. ನಿಮ್ಮ ವಿಮೆಯ ಬಾಂಡು, ರಶೀದಿ, ಸಂಘದ ಠರಾವು ಪುಸ್ತಕ ಜೋಪಾನವಾಗಿಡಿ. ಎಲ್ಲಿ ಇಟ್ಟಿದ್ದೀರಿ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ. ಓದಲು ಬಾರದ ಸದಸ್ಯೆಯರಿಗೆ ಆ ಎರಡು ಫೋನ್ ನಂಬರುಗಳನ್ನು ಬಾಯಿಪಾಠ ಮಾಡಿಸಿ.