ಹೊಸ ಉದ್ಯಮಕ್ಕೆ ಹಿರಿಯರ ಜೊತೆ

ಬೋರ್ಡೋ ದ್ರಾವಣ ತಯಾರಿಸುವುದನ್ನು ನಮ್ಮಲ್ಲಿ ಹೆಚ್ಚಿನವರು ಪುಸ್ತಕ ಓದಿ ಕಲಿತವರಲ್ಲ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣವೆಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೆಂಬುದನ್ನೂ, ಅದ್ದಿದ ಕತ್ತಿಯ ಅಲಗಿನಲ್ಲಿ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕೆಂಬುದನ್ನೂ ಪಕ್ಕದ ತೋಟದ ಹಿರಿಯರು ಡ್ರಮ್ಮಿನ ಬಳಿ ನಿಂತೇ ತೋರಿಸಿಕೊಟ್ಟರು. ಬೇಸಾಯದಲ್ಲಿ ಸಹಜವಾಗಿ ನಡೆದುಬಂದ ಈ ಮಾರ್ಗದರ್ಶನ ವ್ಯಾಪಾರದಲ್ಲಿ ನಮಗೆ ಅಷ್ಟಾಗಿ ದೊರೆಯಲಿಲ್ಲ.

ಅದಕ್ಕೆ ಕಾರಣವೂ ಇದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಷ್ಟು ಕಾಲ ಫಸಲನ್ನು ಪೂಲಿಗೆ ಒಪ್ಪಿಸಿ, ಕಂತುಗಳಲ್ಲಿ ಬರುವ ಹಣಕ್ಕೆ ಕಾಯುವುದಷ್ಟೇ ನಮ್ಮ ಪಾಲಿನ ವ್ಯಾಪಾರವಾಗಿತ್ತು. ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಗೊಂಡಾಗ ಐದೆಕರೆಯ ಬೆಳೆಗಾರನೂ ವ್ಯಾಪಾರಿಯಾಗಬೇಕಾಯಿತು. ಅಡಿಕೆಯವರಿಗೆ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಂಸ್ಥೆಯ ಆಸರೆಯಾದರೂ ಇತ್ತು.

ಈಗ ನಮ್ಮ ಮಕ್ಕಳು ಕಾಫಿ ಪುಡಿ, ಹಾಳೆ ತಟ್ಟೆ, ಹೋಂಸ್ಟೇ ಎಂದು ಹೊಸ ಉದ್ಯಮಗಳಿಗೆ ಕೈಹಾಕುತ್ತಿದ್ದಾರೆ. ಸಂತೋಷದ ವಿಷಯವೇ. ಯಂತ್ರ ಮಾರುವವರಿದ್ದಾರೆ, ಸಾಲ ಕೊಡುವ ಬ್ಯಾಂಕುಗಳಿವೆ, ತರಬೇತಿ ಶಿಬಿರಗಳೂ ಇವೆ. ಇಲ್ಲದಿರುವುದು ಲೆಕ್ಕದ ಪುಸ್ತಕ ಬಿಡಿಸಿ ಕೂತು ಮುಜುಗರದ ಪ್ರಶ್ನೆ ಕೇಳುವ ಒಬ್ಬ ಹಿರಿಯ.

ಪುಡಿಯ ಉದ್ಯಮವನ್ನೇ ತೆಗೆದುಕೊಳ್ಳೋಣ. 50 ಕೆ.ಜಿ. ರೊಬಸ್ಟಾ ಚೆರ್ರಿಗೆ 26 ಔಟ್‌ಟರ್ನ್ ಬಂತೆನ್ನಿ; ಬೀಜ 26 ಕೆ.ಜಿ. ಹುರಿದಾಗ ಸುಮಾರು ಆರನೇ ಒಂದು ಪಾಲು ತೂಕ ಹೋಗಿ, ಕೈಗೆ ಸಿಗುವ ಪುಡಿ 22 ಕೆ.ಜಿ.ಗೂ ಕಡಿಮೆ. ಇಷ್ಟನ್ನು ಹುಡುಗರು ಬಲ್ಲರು. ಹಿರಿಯ ಕೇಳುವ ಪ್ರಶ್ನೆ ಬೇರೆ: "ಚೆರ್ರಿಗೆ ಎಷ್ಟು ದರ ಹಿಡಿದಿದ್ದೀಯ?" ಸ್ವಂತ ತೋಟದ್ದೆಂದು ಅದನ್ನು ಪುಕ್ಕಟೆ ಲೆಕ್ಕ ಹಾಕಿದರೆ ಪುಡಿಯಲ್ಲಿ ಲಾಭ ಕಂಡೇ ಕಾಣುತ್ತದೆ. ಅದೇ ಚೆರ್ರಿಯನ್ನು ಅಂದಿನ ಪೇಟೆ ಧಾರಣೆಗೆ ಕೊಂಡಂತೆ ಬರೆದು, ಹುರಿಯುವ ಖರ್ಚು, ಮನೆಯವರ ದುಡಿಮೆ, ಅಂಗಡಿಯವರಲ್ಲಿ ಮೂರು ತಿಂಗಳು ನಿಂತ ಉದ್ರಿಯ ಬಡ್ಡಿಯನ್ನೂ ಕಳೆದಾಗ ನಿಜ ಹೊರಬೀಳುತ್ತದೆ. ಎಷ್ಟೋ ಸಲ ತೋಟದ ಆದಾಯವೇ ಪುಡಿಯ ಅಂಗಡಿಯನ್ನು ಸಾಕುತ್ತಿರುತ್ತದೆ. ಇದು ಮೊದಲ ಚೀಲದಲ್ಲೇ ತಿಳಿಯುವುದಕ್ಕೂ ಎರಡನೇ ಸಾಲದ ಹೊತ್ತಿಗೆ ತಿಳಿಯುವುದಕ್ಕೂ ಇರುವ ಅಂತರದಲ್ಲಿ ಒಂದೆಕರೆ ತೋಟವೇ ಅಡವು ಹೋಗಬಹುದು.

ನಮ್ಮ ಬೆಳೆ ವರ್ಷಕ್ಕೊಮ್ಮೆ ಬರುವಂಥದು. ತಪ್ಪಿದ್ದನ್ನು ತಿದ್ದಿ ನೋಡಲು ಮುಂದಿನ ಫಸಲಿಗೇ ಕಾಯಬೇಕು. ಮೂವತ್ತು ಫಸಲು ಕಂಡವರ ಮಾತಿಗೆ ಬೆಲೆ ಬರುವುದು ಇದರಿಂದಲೇ.

ಆದರೆ ಎಲ್ಲ ಹಿರಿಯರೂ ಇದಕ್ಕೆ ಹೊಂದುವವರಲ್ಲ. ನಿಮ್ಮ ಕಾಫಿ ಕೊಳ್ಳುವವರು, ನಿಮಗೆ ಸಾಲ ಕೊಟ್ಟವರು ಎಷ್ಟೇ ಒಳ್ಳೆಯವರಾದರೂ ಬೇಡ. "ನಮ್ಮ ಕಾಲದಲ್ಲಿ" ಎಂದು ಆರಂಭಿಸಿ ಸಂಜೆಯವರೆಗೂ ನಿಲ್ಲಿಸದವರಿಂದಲೂ ಪ್ರಯೋಜನ ಕಡಿಮೆ (ನಮ್ಮನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇವೆ). ತೀರ್ಮಾನ ಹುಡುಗನದೇ ಆಗಿರಬೇಕು. ಕೇಳುವುದಷ್ಟೇ ಹಿರಿಯನ ಕೆಲಸ. ಅವನಿಗೂ ಇದರಿಂದ ಲಾಭವಿಲ್ಲದಿಲ್ಲ. ಫೋನಿನಲ್ಲಿ ಹಣ ಪಡೆಯುವುದನ್ನೂ, ದೂರದ ಊರಿನ ಗಿರಾಕಿಗೆ ಪೊಟ್ಟಣ ಕಳುಹಿಸುವುದನ್ನೂ ನಮ್ಮಲ್ಲಿ ಹಲವರು ಕಲಿತದ್ದು ಕಿರಿಯರಿಂದಲೇ.

ಕೊಯ್ಲಿಗೆ ಮೊದಲು ಆರಂಭಿಸಿ ಹೂಮಳೆ ಮುಗಿಯುವವರೆಗೆ ತಿಂಗಳಿಗೊಮ್ಮೆ, ಒಂದೆರಡು ತಾಸು ಕೂತರೆ ಸಾಕು. ಬರುವಾಗ ಖರ್ಚಿನ ಪುಸ್ತಕ, ಔಟ್‌ಟರ್ನ್ ಚೀಟಿ, ಉದ್ರಿಯ ಪಟ್ಟಿ ಕೈಯಲ್ಲಿರಲಿ. ಇಂಥ ಜೊತೆ ಬಯಸುವ ಕಿರಿಯರೂ, ಬಿಡುವು ಮಾಡಿಕೊಳ್ಳಬಲ್ಲ ಹಿರಿಯರೂ ಸಂಘದ ಕಚೇರಿಯಲ್ಲಿ ಹೆಸರು ಬರೆಯಿಸಬಹುದು.