ಹಿನ್ನೆಲೆಯ ಆ್ಯಪ್ ಮುಚ್ಚಿದರೆ ವಾಚಿನ ಬ್ಯಾಟರಿ ಉಳಿಯುತ್ತದೆಯೇ?

ಸ್ಮಾರ್ಟ್‌ವಾಚಿನಲ್ಲಿ ಒಂದು ಆ್ಯಪ್ ಬಳಸಿ ಗಡಿಯಾರದ ಮುಖಕ್ಕೆ ಮರಳಿದ ಮೇಲೂ ಆ ಆ್ಯಪ್ ಪೂರ್ತಿ ಹೋಗಿರುವುದಿಲ್ಲ. ಹವಾಮಾನ, ಹಾಡು, ಕ್ಯಾಲ್ಕುಲೇಟರ್, ಮೆಸೇಜು ಎಲ್ಲವೂ ಇತ್ತೀಚೆಗೆ ಬಳಸಿದವುಗಳ ಸಾಲಿನಲ್ಲಿ ಕೂತಿರುತ್ತವೆ. ಆ ಸಾಲನ್ನು ಆಗಾಗ ತೆರೆದು, ಒಂದೊಂದನ್ನೇ ಬೆರಳಿನಿಂದ ತಳ್ಳಿ ತೆಗೆದರೆ ಚಾರ್ಜ್ ಉಳಿಯುತ್ತದೆ ಎಂದು ನಂಬಿದವರು ಬಹಳ. ಮೊಬೈಲಿನಲ್ಲಿ ರೂಢಿಯಾದ ಅಭ್ಯಾಸ ಕೈಗಡಿಯಾರಕ್ಕೂ ಬಂದಿದೆ. ಒಂದು ಸಂದರ್ಭವನ್ನು ಬಿಟ್ಟರೆ ಇದರಿಂದ ಬ್ಯಾಟರಿ ಉಳಿಯುವುದಿಲ್ಲ. ಎಷ್ಟೋ ಸಲ ಸ್ವಲ್ಪ ಹೆಚ್ಚೇ ಖರ್ಚಾಗುತ್ತದೆ. ಹೀಗೇಕೆ ಎಂದು ತಿಳಿಯಲು ವಾಚಿನೊಳಗೆ ಕರೆಂಟು ಎಲ್ಲೆಲ್ಲಿ ಹೋಗುತ್ತದೆ ಎಂಬ ಲೆಕ್ಕ ನೋಡಬೇಕು.

ಹೋಲಿಕೆಗೆ ಮೊದಲು ಹಳೆಯ ವಾಚುಗಳನ್ನು ನೋಡೋಣ. ಬೆಂಗಳೂರಿನಲ್ಲಿ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚ್ ತಯಾರಿಕೆ ಆರಂಭಿಸಿದ್ದು 1961ರಲ್ಲಿ. ಕಡೂರು ಸೀಮೆಯ ಹಿರಿಯರ ಕೈಯಲ್ಲಿ ಕಾಣುತ್ತಿದ್ದ ಎಚ್‌ಎಂಟಿ ಜನತಾಕ್ಕೆ ಬ್ಯಾಟರಿಯೇ ಇರಲಿಲ್ಲ, ದಿನಕ್ಕೊಮ್ಮೆ ಕೀ ಕೊಟ್ಟರೆ ಸಾಕಿತ್ತು. 1984ರಲ್ಲಿ ಟೈಟಾನ್ ಸ್ಥಾಪನೆಯಾದ ಮೇಲೆ ಕ್ವಾರ್ಟ್ಜ್ ವಾಚುಗಳು ಮನೆಮನೆಗೆ ಬಂದವು. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು, ಮುಳ್ಳು ತಿರುಗಿಸುವ ಪುಟ್ಟ ಮೋಟಾರು, ಒಂದು ಗುಂಡಿ ಸೆಲ್ಲು: ಅದರೊಳಗೆ ಇದ್ದದ್ದು ಇಷ್ಟೇ. ಸುಮಾರು 28 ಮಿಲಿಆಂಪಿಯರ್-ಗಂಟೆ ಶಕ್ತಿಯ ಸೆಲ್ಲು ಎರಡು ವರ್ಷ ಬಂದರೆ ವಾಚು ಸರಾಸರಿ ಎಳೆದುಕೊಳ್ಳುವ ಕರೆಂಟು ಒಂದೂವರೆ ಮೈಕ್ರೋಆಂಪಿಯರ್ ಆಸುಪಾಸು.

ಸ್ಮಾರ್ಟ್‌ವಾಚಿನ ಲೆಕ್ಕವೇ ಬೇರೆ. ಗೂಗಲ್‌ನ ಮೊದಲ ಪಿಕ್ಸೆಲ್ ವಾಚಿನಲ್ಲಿ ಇದ್ದದ್ದು 294, ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4ರ ದೊಡ್ಡ ಮಾದರಿಯಲ್ಲಿ 361 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ. ಇಂದಿನ ಸಾಮಾನ್ಯ ಮೊಬೈಲಿನ ಬ್ಯಾಟರಿ 5,000. ಅಂದರೆ ಫೋನಿನ ಹದಿನೈದನೇ ಒಂದು ಪಾಲಿನಷ್ಟು ಶಕ್ತಿಯಲ್ಲಿ ವಾಚು ಇಡೀ ದಿನ ನಡೆಯಬೇಕು. 300ರ ಬ್ಯಾಟರಿ 30 ಗಂಟೆ ಬಂದರೆ ಸರಾಸರಿ ಬಳಕೆ 10 ಮಿಲಿಆಂಪಿಯರ್. ಇದು ಕ್ವಾರ್ಟ್ಜ್ ವಾಚಿನ ಆರು ಸಾವಿರ ಪಟ್ಟಿಗೂ ಹೆಚ್ಚು. ವೋಲ್ಟೇಜಿನ ವ್ಯತ್ಯಾಸವನ್ನೂ ಸೇರಿಸಿದರೆ ಹದಿನೈದು ಸಾವಿರ ಪಟ್ಟಿನ ಹತ್ತಿರ ಹೋಗುತ್ತದೆ. ಇಷ್ಟು ಬಿಗಿಯಾದ ಬಜೆಟ್ಟಿನಲ್ಲಿ ತೆರೆಮರೆಯ ಆ್ಯಪ್‌ಗಳು ಮನಬಂದಂತೆ ಓಡಾಡುವಂತಿದ್ದರೆ ಯಾವ ಸ್ಮಾರ್ಟ್‌ವಾಚೂ ಮಧ್ಯಾಹ್ನ ದಾಟುತ್ತಿರಲಿಲ್ಲ. ಅದಕ್ಕೇ ತಯಾರಕರು ಮೊದಲಿನಿಂದಲೂ ಅವುಗಳ ಕೈಕಾಲು ಕಟ್ಟಿಯೇ ಇಟ್ಟಿದ್ದಾರೆ.

ಬಳಕೆದಾರ ಗಡಿಯಾರದ ಮುಖಕ್ಕೆ ಮರಳಿದ ಸ್ವಲ್ಪ ಹೊತ್ತಿನಲ್ಲೇ ಕಾರ್ಯಾಚರಣ ವ್ಯವಸ್ಥೆ ಆ ಆ್ಯಪನ್ನು ಇದ್ದ ಸ್ಥಿತಿಯಲ್ಲೇ ಸ್ತಬ್ಧಗೊಳಿಸುತ್ತದೆ. ಅದರ ಕೋಡು ಮತ್ತು ಮಾಹಿತಿ ರ‍್ಯಾಮ್‌ನಲ್ಲಿ ಉಳಿಯುತ್ತವೆ, ಆದರೆ ಪ್ರೊಸೆಸರ್ ಅದರ ಒಂದು ಆದೇಶವನ್ನೂ ನಡೆಸುವುದಿಲ್ಲ. ರ‍್ಯಾಮ್‌ನಲ್ಲಿ ಉಳಿಯುವುದಕ್ಕೇ ಕರೆಂಟು ಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಕು. ರ‍್ಯಾಮ್‌ನ ಕೋಶಗಳಲ್ಲಿರುವ ವಿದ್ಯುದಂಶ ಸೋರುತ್ತಿರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಆದರೆ ಈ ತುಂಬುವಿಕೆ ಇಡೀ ಚಿಪ್ಪಿಗೆ ನಡೆಯುತ್ತದೆ. ಕೋಶದಲ್ಲಿ ಆ್ಯಪ್‌ನ ಮಾಹಿತಿ ಇದ್ದರೂ, ಖಾಲಿ ಇದ್ದರೂ ಖರ್ಚು ಹೆಚ್ಚುಕಡಿಮೆ ಒಂದೇ. ಕಡೂರು ಸೀಮೆಯ ಪಂಚನಹಳ್ಳಿ ಹೋಬಳಿಯ ಮನೆಗಳಲ್ಲಿ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ತೆಂಗಿನಕಾಯಿ ಜಾಗ ಹಿಡಿಯುತ್ತದೆಯೇ ಹೊರತು ನೀರು ಕೇಳುವುದಿಲ್ಲ. ಸ್ತಬ್ಧವಾದ ಆ್ಯಪ್ ಕೂಡ ಹಾಗೆ. ಜಾಗ ಸಾಲದೆ ಬಂದಾಗ ಹಳೆಯದನ್ನು ತೆಗೆದುಹಾಕುವ ಕೆಲಸವನ್ನು ವಾಚು ತಾನೇ ಮಾಡಿಕೊಳ್ಳುತ್ತದೆ.

ಮುಚ್ಚಿದ ಆ್ಯಪನ್ನು ಮತ್ತೆ ತೆರೆದಾಗ ಆಗುವ ಖರ್ಚು ಮಾತ್ರ ನಿಜವಾದದ್ದು. ಸ್ತಬ್ಧವಾಗಿದ್ದ ಆ್ಯಪ್ ಕ್ಷಣಾರ್ಧದಲ್ಲಿ ಎದ್ದು ನಿಲ್ಲುತ್ತದೆ. ಪೂರ್ತಿ ಮುಚ್ಚಿದ್ದರೆ ಅದರ ಕೋಡನ್ನು ಸಂಗ್ರಹದ ಚಿಪ್ಪಿನಿಂದ ಓದಿ ರ‍್ಯಾಮ್‌ಗೆ ತರಬೇಕು, ಚಿತ್ರ ಅಕ್ಷರಗಳನ್ನು ಮೊದಲಿನಿಂದ ಜೋಡಿಸಬೇಕು, ಎಷ್ಟೋ ಸಲ ಫೋನಿನಿಂದಲೋ ಇಂಟರ್‌ನೆಟ್ಟಿನಿಂದಲೋ ಮಾಹಿತಿಯನ್ನು ಮತ್ತೆ ತರಿಸಿಕೊಳ್ಳಬೇಕು. ಅಷ್ಟು ಹೊತ್ತೂ ಪ್ರೊಸೆಸರ್ ಜೋರಾಗಿ ಕೆಲಸ ಮಾಡುತ್ತದೆ, ಪರದೆ ಉರಿಯುತ್ತದೆ. ಆ್ಯಪ್‌ಗಳ ಸಾಲು ತೆರೆದು ಒಂದೊಂದನ್ನೇ ತಳ್ಳುವ ಹತ್ತು ಹದಿನೈದು ಸೆಕೆಂಡು ಕೂಡ ಪರದೆ ಪೂರ್ಣ ಬೆಳಕಿನಲ್ಲೇ ಇರುತ್ತದೆ. ಏನೂ ಉಳಿಸದ ಕೆಲಸಕ್ಕೆ ಇದು ದಂಡದ ಖರ್ಚು.

ಫೋನುಗಳ ವಿಷಯದಲ್ಲಿ ಈ ಪ್ರಶ್ನೆ 2016ರ ಮಾರ್ಚಿನಲ್ಲಿ ಬಹಿರಂಗ ಚರ್ಚೆಗೆ ಬಂದಿತ್ತು. ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ, ತಾವು ಹಾಗೆ ಆ್ಯಪ್ ಮುಚ್ಚುವುದಿಲ್ಲ, ಬ್ಯಾಟರಿಗಾಗಿ ಮುಚ್ಚಬೇಕಾದ ಅಗತ್ಯವೂ ಇಲ್ಲ ಎಂದು ಗ್ರಾಹಕರೊಬ್ಬರಿಗೆ ಉತ್ತರಿಸಿದರು. ಗೂಗಲ್‌ನಲ್ಲಿ ಆ್ಯಂಡ್ರಾಯ್ಡ್ ಹೊಣೆ ಹೊತ್ತಿದ್ದ ಹಿರೋಶಿ ಲಾಕ್‌ಹೈಮರ್ ಅದೇ ದಿನಗಳಲ್ಲಿ ಇದೇ ಅಭಿಪ್ರಾಯ ಹೇಳಿ, ಮುಚ್ಚುವುದರಿಂದ ಸ್ವಲ್ಪ ನಷ್ಟವೂ ಆಗಬಹುದು ಎಂದು ಸೇರಿಸಿದರು. ಪ್ರತಿಸ್ಪರ್ಧಿ ಕಂಪನಿಗಳೆರಡೂ ಒಂದೇ ಮಾತು ಹೇಳಿದ್ದು ಗಮನಿಸಬೇಕಾದದ್ದು. ವಾಚುಗಳಲ್ಲಿ ಕಟ್ಟುಪಾಡು ಇನ್ನೂ ಬಿಗಿ. ಆ್ಯಪಲ್ ವಾಚಿನಲ್ಲಿ ಗಡಿಯಾರದ ಮುಖದ ಮೇಲೆಯೇ ಮಾಹಿತಿ ತೋರಿಸುವ ಆ್ಯಪ್‌ಗೂ ಹಿನ್ನೆಲೆಯಲ್ಲಿ ಎಚ್ಚರಗೊಳ್ಳಲು ಗಂಟೆಗೆ ಸುಮಾರು ನಾಲ್ಕು ಅವಕಾಶ ಮಾತ್ರ. ಆ್ಯಂಡ್ರಾಯ್ಡ್‌ನಲ್ಲಿ ಸಾಧನ ಸುಮ್ಮನಿದ್ದಾಗ ಆ್ಯಪ್‌ಗಳನ್ನು ಮಲಗಿಸುವ ವ್ಯವಸ್ಥೆ 2015ರಲ್ಲಿ ಬಂತು; 2017ರ ಎಂಟನೇ ಆವೃತ್ತಿ ಹಿನ್ನೆಲೆಯ ಕೆಲಸಗಳಿಗೆ ಮತ್ತಷ್ಟು ಕಡಿವಾಣ ಹಾಕಿತು. ಗೂಗಲ್‌ನ ವೇರ್ ಓಎಸ್ ಇದೇ ಆ್ಯಂಡ್ರಾಯ್ಡ್ ಅಡಿಪಾಯದ ಮೇಲೆ ನಿಂತಿದೆ.

ಊರೂರಿನ ಮೊಬೈಲ್ ಅಂಗಡಿಗಳಲ್ಲಿ ಎರಡು ಮೂರು ಸಾವಿರ ರೂಪಾಯಿಗೆ ಸಿಗುವ ನಾಯ್ಸ್, ಬೋಟ್, ಫೈರ್‌ಬೋಲ್ಟ್ ತರಹದ ವಾಚುಗಳಿಗೆ ಈ ಪ್ರಶ್ನೆಯೇ ಅನ್ವಯಿಸುವುದಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ರಿಯಲ್ ಟೈಮ್ ಓಎಸ್ ಎಂಬ ಹಗುರ ವ್ಯವಸ್ಥೆ. ಹೊರಗಿನ ಆ್ಯಪ್ ಹಾಕಿಕೊಳ್ಳಲು ಆಗುವುದಿಲ್ಲ. ಪರದೆಯಲ್ಲಿ ಕಾಣುವ ಹೆಜ್ಜೆ ಎಣಿಕೆ, ನಾಡಿ, ಹವಾಮಾನ ಎಲ್ಲವೂ ಒಂದೇ ತಂತ್ರಾಂಶದ ಪುಟಗಳು. ಮುಚ್ಚಲು ಅಲ್ಲಿ ಏನೂ ಇಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಅವು ವಾರದವರೆಗೂ ಬರುವ ಗುಟ್ಟು ಈ ಹಗುರ ವ್ಯವಸ್ಥೆಯೇ. ದುಬಾರಿ ವಾಚುಗಳೂ ಈಗ ಈ ದಾರಿ ಹಿಡಿದಿವೆ: 2024ರ ಒನ್‌ಪ್ಲಸ್ ವಾಚ್ 2ರಲ್ಲಿ ಎರಡು ಪ್ರೊಸೆಸರ್‌ಗಳಿವೆ. ಗಡಿಯಾರ ತೋರಿಸುವಂಥ ಸಣ್ಣ ಕೆಲಸವನ್ನು ರಿಯಲ್ ಟೈಮ್ ಓಎಸ್ ನಡೆಸುವ ಚಿಕ್ಕ ಚಿಪ್ಪು ನೋಡಿಕೊಳ್ಳುತ್ತದೆ, ದೊಡ್ಡದು ನಿದ್ದೆಯಲ್ಲಿರುತ್ತದೆ.

ಹಾಗಾದರೆ ಚಾರ್ಜ್ ಹೋಗುವುದು ಎಲ್ಲಿಗೆ? ಮೊದಲ ಹೆಸರು ಪರದೆಯದು. ಒಳ್ಳೆಯ ವಾಚುಗಳ ಅಮೋಲೆಡ್ ಪರದೆಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುತ್ತದೆ. ಕಪ್ಪು ಬಿಂದು ಆರಿರುತ್ತದೆ, ಬಿಳಿಯದು ಪೂರ್ತಿ ಉರಿಯುತ್ತದೆ. ಕಪ್ಪು ಹಿನ್ನೆಲೆಯ ಮುಖಕ್ಕೂ ಬಣ್ಣದ ಫೋಟೊ ಇಟ್ಟ ಮುಖಕ್ಕೂ ಬಳಕೆಯಲ್ಲಿ ದೊಡ್ಡ ಅಂತರ ಇರುವುದು ಇದರಿಂದ. ಬಯಲುಸೀಮೆಯ ನಡುಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಕಾಣಲೆಂದು ವಾಚು ತಾನಾಗಿಯೇ ಬೆಳಕು ಏರಿಸುತ್ತದೆ. ಸದಾ ಉರಿಯುವ ಪರದೆಯನ್ನು ಆ್ಯಪಲ್ ತಂದದ್ದು 2019ರ ಐದನೇ ಸರಣಿಯಲ್ಲಿ. ಕೈ ಕೆಳಗಿದ್ದಾಗ ಚಿತ್ರ ಸೆಕೆಂಡಿಗೆ ಒಂದೇ ಸಲ ಬದಲಾಗುವಂತೆ ಮಾಡಿದ್ದರಿಂದ ಅದು ಸಾಧ್ಯವಾಯಿತು. ಆದರೂ ಈ ಸೌಲಭ್ಯ ನಿಲ್ಲಿಸಿದರೆ ಸಿಗುವ ಉಳಿತಾಯ ಆ್ಯಪ್‌ಗಳನ್ನು ದಿನವಿಡೀ ತಳ್ಳಿದರೂ ಸಿಗದು.

ಪರದೆಯನ್ನು ಪದೇಪದೇ ಎಬ್ಬಿಸುವುದು ಸಂದೇಶಗಳು. ದಿನಕ್ಕೆ 200 ವಾಟ್ಸ್‌ಆ್ಯಪ್ ಸಂದೇಶ ಕೈಗೆ ಬಂದು, ಪ್ರತಿಯೊಂದಕ್ಕೂ ಪರದೆ ಎಂಟು ಸೆಕೆಂಡು ಹೊತ್ತಿಕೊಂಡರೆ ಒಟ್ಟು ಸುಮಾರು 27 ನಿಮಿಷ. ಕಂಪನದ ಮೋಟಾರು ಮತ್ತು ರೇಡಿಯೊ ಖರ್ಚು ಬೇರೆ. ಮದುವೆ, ಜಾತ್ರೆ, ಸಂಘದ ಗುಂಪುಗಳ ಸಂದೇಶ ಫೋನಿಗೆ ಮಾತ್ರ ಬರುವಂತೆ ಮಾಡಿದರೆ ಈ ಭಾಗ ಇಲ್ಲವಾಗುತ್ತದೆ.

ರೇಡಿಯೊಗಳಲ್ಲಿ ಬ್ಲೂಟೂತ್ ಅತ್ಯಂತ ಮಿತವ್ಯಯಿ. 2010ರಲ್ಲಿ ಬಂದ ಅದರ ಕಡಿಮೆ ಶಕ್ತಿಯ ರೂಪ ಹೆಚ್ಚು ಹೊತ್ತು ಮಲಗಿದ್ದು ಗೊತ್ತಾದ ಅಂತರದಲ್ಲಿ ಮಾತ್ರ ಏಳುತ್ತದೆ. ಫೋನಿಲ್ಲದೆ ನೇರವಾಗಿ ಮೊಬೈಲ್ ಟವರಿನೊಂದಿಗೆ ಮಾತಾಡುವ, ಇ-ಸಿಮ್ ಇರುವ ಎಲ್‌ಟಿಇ ವಾಚಿನ ಕಥೆ ಇದಕ್ಕೆ ವಿರುದ್ಧ. ಟವರ್ ದೂರವಿದ್ದಷ್ಟೂ ಅದು ಗಟ್ಟಿಯಾಗಿ ಸಂಕೇತ ಕಳಿಸಬೇಕು, ಗರಿಷ್ಠ 200 ಮಿಲಿವಾಟ್‌ವರೆಗೆ. ಮೇಲೆ ಲೆಕ್ಕ ಹಾಕಿದ ವಾಚಿನ 10 ಮಿಲಿಆಂಪಿಯರ್ ಸರಾಸರಿ ಬಳಕೆ ಎಂದರೆ ಸುಮಾರು 38 ಮಿಲಿವಾಟ್ ಎಂಬುದನ್ನು ನೆನೆದರೆ ಇದರ ಭಾರ ತಿಳಿಯುತ್ತದೆ. ಫೋನು ಮನೆಯಲ್ಲಿ ಬಿಟ್ಟು, ಸಿಗ್ನಲ್ ಒಂದೇ ಗೆರೆ ತೋರಿಸುವ ತೋಟದಲ್ಲಿ ದಿನ ಕಳೆದರೆ ಸಂಜೆಯೊಳಗೆ ಎಲ್‌ಟಿಇ ವಾಚು ಬರಿದಾಗುವುದು ಆ್ಯಪ್‌ಗಳ ತಪ್ಪಲ್ಲ.

ಜಿಪಿಎಸ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿಯೇ ಹಿನ್ನೆಲೆಯ ಆ್ಯಪ್ ನಿಜವಾಗಿ ಬ್ಯಾಟರಿ ತಿನ್ನಬಲ್ಲದು. ಜಿಪಿಎಸ್ ಉಪಗ್ರಹಗಳು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ಬಂದ ಸಂಕೇತ ಕೈಗೆ ತಲುಪುವಾಗ ಸುತ್ತಲಿನ ರೇಡಿಯೊ ಗದ್ದಲಕ್ಕಿಂತಲೂ ಕ್ಷೀಣ. ಅದನ್ನು ಹೆಕ್ಕಲು ಚಿಪ್ಪು ಎಡೆಬಿಡದೆ ಲೆಕ್ಕ ಮಾಡುತ್ತಿರಬೇಕು. ತೆಂಗಿನ ಗರಿಗಳ ಅಡಿಯಲ್ಲಿ ಆ ಕೆಲಸ ಇನ್ನೂ ಕಷ್ಟ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್ ವೇಗದಲ್ಲಿ, 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಫೋನಿನ ನೆರವಿದ್ದರೆ ವಾಚು ಆ ವಿವರವನ್ನು ಬ್ಲೂಟೂತ್ ಮೂಲಕ ಬೇಗ ಪಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಆಕಾಶ ನೋಡುತ್ತ ಕಾಯಬೇಕು.

ಜಿಪಿಎಸ್ ತರಹದ್ದೇ ಭಾರತದ ಸ್ವಂತ ವ್ಯವಸ್ಥೆಯಾದ ನಾವಿಕ್ ಈ ಕೈಗಡಿಯಾರಗಳಿಂದ ಬಹುಕಾಲ ದೂರವೇ ಉಳಿದದ್ದೂ ಶಕ್ತಿಯ ಲೆಕ್ಕಕ್ಕೆ ಸಂಬಂಧಿಸಿದ್ದು. ಮೊದಲ ಪೀಳಿಗೆಯ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ತರಂಗಪಟ್ಟಿಗಳಲ್ಲಿ ಮಾತ್ರ ಸಂಕೇತ ಕಳಿಸುತ್ತಿದ್ದವು. ಕಡಿಮೆ ಕರೆಂಟಿನ, ಒಂದೇ ಪಟ್ಟಿಯ ವಾಚ್ ಚಿಪ್ಪುಗಳು ಕೇಳಿಸಿಕೊಳ್ಳುವುದು ಎಲ್1 ಪಟ್ಟಿಯನ್ನು. 2023ರ ಮೇ 29ರಂದು ಶ್ರೀಹರಿಕೋಟದಿಂದ ಹಾರಿದ ಎನ್‌ವಿಎಸ್-01 ಉಪಗ್ರಹ ಎಲ್1 ಸಂಕೇತವನ್ನೂ ಹೊತ್ತೊಯ್ದಿತು. ಕೈಗೆ ಕಟ್ಟುವ ಸಾಧನಗಳಿಗೆ ನಾವಿಕ್ ಬಾಗಿಲು ತೆರೆದದ್ದು ಹೀಗೆ.

ಜಿಪಿಎಸ್ ಮೂಲಕ ಹಿನ್ನೆಲೆಯ ಆ್ಯಪ್ ಬ್ಯಾಟರಿ ತಿನ್ನುವುದು ಹೀಗೆ: ಬೆಳಗಿನ ನಡಿಗೆಗೆ ವರ್ಕೌಟ್ ಶುರು ಮಾಡಿ, ಮನೆಗೆ ಬಂದ ಮೇಲೆ ಅದನ್ನು ಮುಗಿಸಲು ಮರೆತರೆ ಜಿಪಿಎಸ್ ಓಡುತ್ತಲೇ ಇರುತ್ತದೆ. ಜೊತೆಗೆ ನಾಡಿಯ ಸೆನ್ಸರ್ ಕೂಡ. ಅದು ಚರ್ಮಕ್ಕೆ ಹಸಿರು ಬೆಳಕು ಹಾಯಿಸಿ, ರಕ್ತ ಹೀರಿಕೊಳ್ಳದೆ ಬಿಟ್ಟ ಪಾಲನ್ನು ಅಳೆಯುತ್ತದೆ. ಉಳಿದ ಹೊತ್ತಿನಲ್ಲಿ ಅನೇಕ ವಾಚುಗಳು ಕೆಲವು ನಿಮಿಷಗಳಿಗೊಮ್ಮೆ ಅಳೆದರೆ, ವರ್ಕೌಟಿನಲ್ಲಿ ಅಳತೆ ನಿರಂತರ. ಇಲ್ಲಿಯೂ ಪರಿಹಾರ ಆ್ಯಪನ್ನು ಸಾಲಿನಿಂದ ತಳ್ಳುವುದಲ್ಲ, ವರ್ಕೌಟನ್ನು ಮುಕ್ತಾಯದ ಗುಂಡಿ ಒತ್ತಿ ಮುಗಿಸುವುದು. ತಳ್ಳಿದರೂ ಇಂಥ ಕೆಲಸ ನಿಲ್ಲದೆ ಮುಂದುವರಿಯಬಹುದು. ದಾರಿ ತೋರಿಸುವ ನಕ್ಷೆ, ಇಂಟರ್‌ನೆಟ್ಟಿನಿಂದ ಬರುತ್ತಿರುವ ಹಾಡು ಇವಕ್ಕೂ ಇದೇ ನಿಯಮ: ಮೊದಲು ಕೆಲಸ ನಿಲ್ಲಿಸಬೇಕು.

ಆ್ಯಪ್ ಮುಚ್ಚಲೇಬೇಕಾದ ಸಂದರ್ಭ ಒಂದಿದೆ. ಆ್ಯಪ್ ಸ್ಪಂದಿಸದೆ ಸಿಕ್ಕಿಹಾಕಿಕೊಂಡು ಪ್ರೊಸೆಸರ್‌ಗೆ ಬಿಡುವು ಕೊಡದಿದ್ದರೆ ವಾಚು ಕೈಗೆ ಬೆಚ್ಚಗೆ ತಾಗುತ್ತದೆ, ಚಾರ್ಜ್ ಕಣ್ಣೆದುರೇ ಇಳಿಯುತ್ತದೆ. ಆಗ ಆ ಆ್ಯಪನ್ನು ಮುಚ್ಚಿ ವಾಚನ್ನು ರೀಸ್ಟಾರ್ಟ್ ಮಾಡಬೇಕು. ಆ್ಯಪಲ್ ತನ್ನ ಗ್ರಾಹಕರಿಗೆ ಹೇಳುವುದೂ ಇಷ್ಟೇ: ಸ್ಪಂದಿಸದಿದ್ದಾಗ ಮಾತ್ರ ಮುಚ್ಚಿ. ಮತ್ತೆ ಮತ್ತೆ ಹೀಗಾದರೆ ಅಪ್‌ಡೇಟ್ ಮಾಡುವುದು, ಇಲ್ಲವೇ ಆ ಆ್ಯಪನ್ನೇ ಅಳಿಸುವುದು ಸರಿಯಾದ ಕ್ರಮ. ವೇರ್ ಓಎಸ್ ವಾಚುಗಳ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆಯ ಪಟ್ಟಿ ನೋಡಬಹುದು. ಆ್ಯಪಲ್ ವಾಚಿನಲ್ಲಿ ಯಾವ ಆ್ಯಪ್ ಹಿನ್ನೆಲೆಯಲ್ಲಿ ಮಾಹಿತಿ ತರಿಸಿಕೊಳ್ಳಬಹುದು ಎಂಬುದನ್ನು ಐಫೋನಿನ ವಾಚ್ ಆ್ಯಪ್‌ನಲ್ಲೇ ಒಂದೊಂದಾಗಿ ಆರಿಸಿಡಬಹುದು. ಒಮ್ಮೆ ಮಾಡಿಟ್ಟ ಈ ಆಯ್ಕೆ ಸದಾ ಕೆಲಸ ಮಾಡುತ್ತದೆ.

ಇವೆಲ್ಲ ಸರಿಯಿದ್ದೂ ಹಳೆಯ ವಾಚು ಬೇಗ ಆರುತ್ತಿದ್ದರೆ ಕಾರಣ ಬ್ಯಾಟರಿಯ ವಯಸ್ಸು. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಚಾರ್ಜಿಗೂ ಅಷ್ಟಷ್ಟು ಸವೆಯುತ್ತದೆ. ಸಾವಿರ ಪೂರ್ಣ ಚಾರ್ಜುಗಳ ನಂತರ ಮೂಲ ಶಕ್ತಿಯ ಶೇಕಡಾ 80ರಷ್ಟು ಉಳಿಯುವಂತೆ ತನ್ನ ವಾಚಿನ ಬ್ಯಾಟರಿಯನ್ನು ರೂಪಿಸಿರುವುದಾಗಿ ಆ್ಯಪಲ್ ಹೇಳುತ್ತದೆ. ದಿನಕ್ಕೊಂದು ಚಾರ್ಜಿನಂತೆ ಅದು ಮೂರು ವರ್ಷಕ್ಕೂ ಕಡಿಮೆ ಅವಧಿ. ಬಿಸಿ ಈ ಸವೆತವನ್ನು ಇನ್ನಷ್ಟು ಬೇಗ ತರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲೋ ನಿಲ್ಲಿಸಿದ ಕಾರಿನಲ್ಲೋ ವಾಚನ್ನು ಚಾರ್ಜಿಗೆ ಇಡಬಾರದು. ನಾಲ್ಕು ವರ್ಷ ಹಳೆಯ ವಾಚು ಮಧ್ಯಾಹ್ನಕ್ಕೇ ನಿಲ್ಲುತ್ತಿದ್ದರೆ ಅದಕ್ಕೆ ಬೇಕಾದದ್ದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಾಕಿಸಿದ ಹೊಸ ಬ್ಯಾಟರಿ.